1 ಮೆಗಾಹರ್ಟ್ಸ್ ಬಕ್ ರೆಗ್ಯುಲೇಟರಿಗೆ ನೇರವಾದ ರ‍್ಯಾಂಪ್ ಕಟ್ಟುವುದು ಹೇಗೆ

ಬಕ್ ರೆಗ್ಯುಲೇಟರ್ ಎಂದರೆ ಸ್ವಿಚ್ಚನ್ನು ಆನ್–ಆಫ್ ಮಾಡುತ್ತ ಡಿಸಿ ವೋಲ್ಟೇಜನ್ನು ಇಳಿಸುವ ಸರ್ಕ್ಯೂಟ್. ಪ್ರತಿ ಸೈಕಲಿನಲ್ಲಿ ಸ್ವಿಚ್ ಆನ್ ಇರುವ ಪಾಲೇ ಡ್ಯೂಟಿ. ವೋಲ್ಟೇಜ್ ಮೋಡ್ ಬಕ್ ರೆಗ್ಯುಲೇಟರಿನಲ್ಲಿ ಡ್ಯೂಟಿ ತೀರ್ಮಾನವಾಗುವುದು ಎರಡು ವೋಲ್ಟೇಜುಗಳ ಹೋಲಿಕೆಯಿಂದ. ಒಂದು, ರೆಗ್ಯುಲೇಟರಿನ ವೋಲ್ಟೇಜ್ ಗುರಿಯಿಂದ ಎಷ್ಟು ಸರಿದಿದೆ ಎಂದು ತೋರಿಸುವ ಎರರ್ ಆಂಪ್ಲಿಫೈಯರಿನ ಔಟ್‌ಪುಟ್, ಇನ್ನೊಂದು ಪ್ರತಿ ಸೈಕಲಿನಲ್ಲೂ ಏರಿ ಬೀಳುವ ರ‍್ಯಾಂಪ್. 100 ಕಿಲೋಹರ್ಟ್ಸ್‌ನಲ್ಲಿ ಈ ರ‍್ಯಾಂಪಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟಿಎಲ್494 ಎಂಬ ಕಂಟ್ರೋಲ್ ಐಸಿ ಹಾಕಿದರೆ 0ಯಿಂದ 3 ವೋಲ್ಟಿನವರೆಗೆ ಸಾಕಷ್ಟು ನೇರವಾದ ರ‍್ಯಾಂಪ್ ಒಳಗೇ ಸಿಗುತ್ತದೆ. ಆದರೆ ಆ ಐಸಿ 300 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. 1 ಮೆಗಾಹರ್ಟ್ಸ್‌ಗೆ ಬಿಡಿ ಭಾಗಗಳಿಂದ ಕಟ್ಟಲು ಹೊರಟಾಗ ಲೆಕ್ಕಕ್ಕೇ ಇಲ್ಲದಿದ್ದ ಪಿಕೋಫ್ಯಾರಡ್‌ಗಳೂ ನ್ಯಾನೋಸೆಕೆಂಡ್‌ಗಳೂ ಒಂದೊಂದಾಗಿ ಎದುರು ಬಂದು ನಿಲ್ಲುತ್ತವೆ.

ಸ್ಕೋಪಿನಲ್ಲಿ ರ‍್ಯಾಂಪ್ ನೋಡುವವರ ಕಣ್ಣು ಮೊದಲು ಹೋಗುವುದು ತುದಿಗೆ: ಮೇಲೆ ಬಾಗಿದೆಯೇ, ಚಪ್ಪಟೆಯಾಗಿದೆಯೇ ಎಂದು. ತುದಿ ಸರಿ ಮಾಡುವುದು ಸುಲಭ. ನಿಜವಾಗಿ ಕಾಡುವುದು ಬುಡ. 12 ವೋಲ್ಟಿನಿಂದ 1.2 ವೋಲ್ಟ್ ಮಾಡುವ ಬಕ್‌ಗೆ ಬೇಕಾದ ಡ್ಯೂಟಿ ಸುಮಾರು 10%. 1 ಮೆಗಾಹರ್ಟ್ಸ್‌ನಲ್ಲಿ ಅದು 100 ನ್ಯಾನೋಸೆಕೆಂಡ್. ಅಂದರೆ ರೆಗ್ಯುಲೇಟರ್ ಬಳಸುವುದು ರ‍್ಯಾಂಪಿನ ಮೊದಲ ಹತ್ತನೇ ಒಂದು ಭಾಗವನ್ನು ಮಾತ್ರ, ಅದೂ ಪ್ರತಿ ಸೈಕಲಿನಲ್ಲಿ ರ‍್ಯಾಂಪನ್ನು ಬುಡಕ್ಕೆ ಇಳಿಸುವ ರೀಸೆಟ್ ಸ್ವಿಚ್ಚಿನ ಗಲಾಟೆ ಇನ್ನೂ ಅಡಗದ ಜಾಗವನ್ನು. ಆದ್ದರಿಂದ ಇಲ್ಲಿ ವಿನ್ಯಾಸದ ಬಹುಪಾಲು ಶ್ರಮವನ್ನು ಬುಡಕ್ಕೇ ಹಾಕಿದ್ದೇವೆ.

ಗುರಿ ಮತ್ತು ಸಂಖ್ಯೆಗಳು

ಸಪ್ಲೈ 5 ವೋಲ್ಟ್. ಆವರ್ತನ 1 ಮೆಗಾಹರ್ಟ್ಸ್, ಹೊರಗಿನ ಕ್ಲಾಕಿನಿಂದ. ಸುಮಾರು 50 ನ್ಯಾನೋಸೆಕೆಂಡ್ ರೀಸೆಟ್, ಉಳಿದ 950 ನ್ಯಾನೋಸೆಕೆಂಡಿನಲ್ಲಿ 2 ವೋಲ್ಟ್ ಏರಿಕೆ. ಅಂದರೆ ಸ್ಲೋಪ್ ಮೈಕ್ರೋಸೆಕೆಂಡಿಗೆ 2.1 ವೋಲ್ಟ್. ನ್ಯಾನೋಸೆಕೆಂಡಿಗೆ ಸುಮಾರು 2 ಮಿಲಿವೋಲ್ಟ್ ಎಂಬ ಸಂಖ್ಯೆ ನೆನಪಿರಲಿ. ಮುಂದೆ ಪ್ರತಿ ದೋಷವನ್ನೂ ಇದರಿಂದ ಭಾಗಿಸಿ ಎಷ್ಟು ಸಮಯ ತಪ್ಪುತ್ತದೆ ಎಂದು ನೋಡುತ್ತೇವೆ.

ಔಟ್‌ಪುಟ್ ನೋಡಿ ಡ್ಯೂಟಿ ತಿದ್ದುವ ಫೀಡ್‌ಬ್ಯಾಕ್ ಲೂಪಿಗೆ ಬೇಕಾಗಿರುವುದು ರ‍್ಯಾಂಪಿನ ಎತ್ತರವಲ್ಲ, ಸ್ಲೋಪ್. ಮಾಡ್ಯುಲೇಟರಿನ ಗೇನ್ ಎಂದರೆ ಇನ್‌ಪುಟ್ ವೋಲ್ಟೇಜನ್ನು ಸ್ಲೋಪ್ ಮತ್ತು ಆವರ್ತ ಕಾಲದ ಗುಣಲಬ್ಧದಿಂದ ಭಾಗಿಸಿದ್ದು. ಇಲ್ಲಿ 12 ÷ 2.1, ಅಂದರೆ 5.7, ಸುಮಾರು 15 ಡೆಸಿಬೆಲ್. ರೀಸೆಟ್ ಪಲ್ಸ್ 50ರ ಬದಲು 70 ನ್ಯಾನೋಸೆಕೆಂಡ್ ಆದರೆ ರ‍್ಯಾಂಪಿನ ಎತ್ತರ 40 ಮಿಲಿವೋಲ್ಟ್ ಕಡಿಮೆಯಾಗುತ್ತದೆ, ಸ್ಲೋಪ್ ಬದಲಾಗುವುದಿಲ್ಲ, ಗೇನೂ ಬದಲಾಗುವುದಿಲ್ಲ. ಎತ್ತರ ಅಳೆದು ಪ್ರಿಸೆಟ್ (ಬೆಲೆ ಹೊಂದಿಸಬಲ್ಲ ರೆಸಿಸ್ಟರ್) ತಿರುಗಿಸುವವರು ಇಲ್ಲಿ ಎಡವುತ್ತಾರೆ.

ಸ್ಲೋಪ್ ನೇರವಿರದಿದ್ದರೆ ಏನಾಗುತ್ತದೆ? 5 ವೋಲ್ಟಿನಿಂದ ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರನ್ನು 2 ವೋಲ್ಟಿನವರೆಗೆ ಚಾರ್ಜ್ ಮಾಡಿದರೆ, ರೆಸಿಸ್ಟರಿನ ಮೇಲಿನ ವೋಲ್ಟೇಜ್ 5ರಿಂದ 3ಕ್ಕೆ ಇಳಿಯುತ್ತದೆ. ಕರೆಂಟ್ 40% ಕಡಿಮೆ, ಸ್ಲೋಪ್ 40% ಕಡಿಮೆ. ಡ್ಯೂಟಿ ಹೆಚ್ಚಿದಂತೆ ಮಾಡ್ಯುಲೇಟರ್ ಗೇನ್ 1.67 ಪಟ್ಟು, ಅಂದರೆ 4.4 ಡೆಸಿಬೆಲ್ ಏರುತ್ತದೆ. ಕಡಿಮೆ ಡ್ಯೂಟಿಯಲ್ಲಿ ಚೆನ್ನಾಗಿ ನಿಂತಿದ್ದ ಲೂಪ್, ಅದೇ ಇನ್‌ಪುಟ್ಟಿನಲ್ಲಿ ಔಟ್‌ಪುಟ್ ವೋಲ್ಟೇಜ್ ಏರಿಸಿ ಡ್ಯೂಟಿ ಹೆಚ್ಚಾದಾಗ ಫೇಸ್ ಮಾರ್ಜಿನ್ (ಅಸ್ಥಿರವಾಗದಂತೆ ಇರುವ ಅಂತರ) ಕಳೆದುಕೊಂಡು ರಿಂಗ್ ಆಗಲು ಶುರುವಾಗುತ್ತದೆ. ಕಾಂಪೆನ್ಸೇಷನ್ ಕೆಪಾಸಿಟರುಗಳನ್ನು ಎಷ್ಟು ಬದಲಾಯಿಸಿದರೂ ಈ ಕಾಯಿಲೆ ವಾಸಿಯಾಗದು.

ಯುಸಿ3842 ಬಳಸಿದವರು ಅದರ ಟೈಮಿಂಗ್ ಪಿನ್ನಿನಲ್ಲಿ ಇಂಥದೇ ಬಾಗಿದ ಅಲೆ ನೋಡಿರುತ್ತಾರೆ. ಅಲ್ಲಿ ತೊಂದರೆಯಿಲ್ಲ. ಅದು ಕರೆಂಟ್ ಮೋಡ್ ಐಸಿ, ಡ್ಯೂಟಿಯನ್ನು ಇಂಡಕ್ಟರ್ ಕರೆಂಟ್ ನೋಡಿ ತೀರ್ಮಾನಿಸುತ್ತದೆ. ಆ ಅಲೆ ಸಮಯ ಎಣಿಸುತ್ತದೆಯೇ ಹೊರತು ಡ್ಯೂಟಿ ಹೋಲಿಕೆಗೆ ಬರುವುದಿಲ್ಲ.

ಹಂತ 1: ಕೆಪಾಸಿಟರ್

ಸ್ಥಿರ ಕರೆಂಟಿನಿಂದ ಒಂದು ಕೆಪಾಸಿಟರನ್ನು ಚಾರ್ಜ್ ಮಾಡಿದಾಗ ಅದರ ವೋಲ್ಟೇಜ್ ನೇರವಾಗಿ ಏರುತ್ತದೆ, ಅದೇ ನಮ್ಮ ರ‍್ಯಾಂಪ್. ಆ ಕೆಪಾಸಿಟರ್ 470 ಪಿಕೋಫ್ಯಾರಡ್, ಸಿ0ಜಿ ಅಥವಾ ಎನ್‌ಪಿ0 (ಉಷ್ಣತೆಗೆ ಬದಲಾಗದ ಸೆರಾಮಿಕ್‌ನ ಎರಡು ಹೆಸರು), 5% ಅಥವಾ ಅದಕ್ಕಿಂತ ನಿಖರ. ಎಕ್ಸ್7ಆರ್ ಬೇಡವೇ ಬೇಡ. ಆ ಬಗೆಯ ಸೆರಾಮಿಕ್‌ನ ಕೆಪಾಸಿಟೆನ್ಸ್ ಉಷ್ಣತೆಯೊಂದಿಗೆ 15% ವರೆಗೆ ಸರಿಯುತ್ತದೆ, ಸಾಲದ್ದಕ್ಕೆ ವೋಲ್ಟೇಜ್ ಏರಿದಂತೆ ಇಳಿಯುತ್ತದೆ. ಕರೆಂಟ್ ಎಷ್ಟೇ ಸ್ಥಿರವಾಗಿದ್ದರೂ ರ‍್ಯಾಂಪ್ ಮೇಲಕ್ಕೆ ಬಾಗುತ್ತದೆ. ಸಿ0ಜಿಯಲ್ಲಿ ಡಿಗ್ರಿಗೆ 30 ಪಿಪಿಎಂ ಒಳಗೇ ಇರುತ್ತದೆ, ವೋಲ್ಟೇಜಿನ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಡೆಯಾಗಲಿ "471" ಎಂದು ಬರೆದ ಡಿಸ್ಕ್ ಕೆಪಾಸಿಟರ್ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಸಾಮಾನ್ಯ ಸೆರಾಮಿಕ್. ಎನ್‌ಪಿ0 ಡಿಸ್ಕಿನ ತಲೆಗೆ ಕಪ್ಪು ಬಣ್ಣ ಬಳಿದಿರುತ್ತದೆ, ಅದನ್ನು ನೋಡಿ ಆರಿಸಿ. ಅನುಮಾನವಿದ್ದರೆ ಎಲ್‌ಸಿಆರ್ ಮೀಟರಿಗೆ ಹಾಕಿ ಬೆಸುಗೆ ಕಡ್ಡಿಯನ್ನು ಹತ್ತಿರ ಹಿಡಿಯಿರಿ. ಎನ್‌ಪಿ0 ಆದರೆ ರೀಡಿಂಗ್ ಅಲ್ಲಾಡುವುದಿಲ್ಲ. ಬೇರೆಯದಾದರೆ ಕಣ್ಣೆದುರೇ ಜಾರುತ್ತದೆ. ಸಿಲ್ವರ್ ಮೈಕಾ, ಪಾಲಿಸ್ಟೈರೀನ್ ಕೂಡ ಆಗುತ್ತವೆ, ಆದರೆ ಉದ್ದ ಕಾಲಿನ ಇಂಡಕ್ಟೆನ್ಸ್ ಜೊತೆಗೇ ಬರುತ್ತದೆ.

100 ಪಿಕೋಫ್ಯಾರಡ್ ಯಾಕೆ ಬೇಡ, ಕರೆಂಟ್ ಉಳಿಯುತ್ತದಲ್ಲ ಎಂದು ಕೇಳಬಹುದು. ಸ್ವಿಚ್ ನೋಡ್ (ಪವರ್ ಸ್ವಿಚ್ಚೂ ಇಂಡಕ್ಟರೂ ಸೇರುವ ಬಿಂದು) 12 ವೋಲ್ಟ್ ಜಿಗಿಯುವಾಗ ಬೋರ್ಡಿನ ಮೇಲೆ ಬರೀ 0.1 ಪಿಕೋಫ್ಯಾರಡ್ ಕಪ್ಲಿಂಗ್ ಇದ್ದರೂ 470ರ ಕೆಪಾಸಿಟರಿನಲ್ಲಿ 2.5 ಮಿಲಿವೋಲ್ಟ್ ಜಿಗಿತ ಬರುತ್ತದೆ, ಒಂದು ನ್ಯಾನೋಸೆಕೆಂಡಿಗಿಂತ ಸ್ವಲ್ಪ ಹೆಚ್ಚು. 100 ಪಿಕೋಫ್ಯಾರಡ್ ಹಾಕಿದರೆ ಅದೇ 12 ಮಿಲಿವೋಲ್ಟ್, 6 ನ್ಯಾನೋಸೆಕೆಂಡ್ ಜಿಟ್ಟರ್ (ಪಲ್ಸ್ ಅಂಚಿನ ನಡುಕ). ಇನ್ನು 1000ಕ್ಕೆ ಹೋದರೆ ರೀಸೆಟ್ ಸ್ವಿಚ್ಚಿಗೆ ಕಷ್ಟ. 470 ನಡುವಿನ ದಾರಿ.

ಒಟ್ಟು ಕೆಪಾಸಿಟೆನ್ಸ್ 470 ಅಲ್ಲ. ರೀಸೆಟ್ ಮಾಸ್‌ಫೆಟ್ ಸುಮಾರು 25, ಕರೆಂಟ್ ಸೋರ್ಸ್ ಟ್ರಾನ್ಸಿಸ್ಟರ್ 4ರಿಂದ 5, ಕಂಪ್ಯಾರೇಟರ್ 2, ತಾಮ್ರದ ಪಟ್ಟಿ 2ರಿಂದ 3. ಒಟ್ಟು 505 ಎಂದಿಟ್ಟುಕೊಳ್ಳಿ. ಬೇಕಾದ ಕರೆಂಟ್ 505 ಪಿಕೋಫ್ಯಾರಡ್ × ಮೈಕ್ರೋಸೆಕೆಂಡಿಗೆ 2.1 ವೋಲ್ಟ್ = 1.06 ಮಿಲಿಆಂಪ್.

ಹಂತ 2: ಕರೆಂಟ್ ಸೋರ್ಸ್

ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್, 2ಎನ್3906 ಅಥವಾ ಬಿಸಿ557. ಎಮಿಟರಿನಿಂದ 5 ವೋಲ್ಟಿಗೆ 1 ಕಿಲೋಓಮ್ 1% ಮೆಟಲ್ ಫಿಲ್ಮ್ ರೆಸಿಸ್ಟರ್, ಅದಕ್ಕೆ ಸರಣಿಯಲ್ಲಿ 500 ಓಮ್ ಮಲ್ಟಿಟರ್ನ್ ಪ್ರಿಸೆಟ್. 5 ವೋಲ್ಟಿನಿಂದ ಬೇಸಿಗೆ ಕೆಂಪು ಎಲ್ಇಡಿ, ಬೇಸಿನಿಂದ ಗ್ರೌಂಡಿಗೆ 1.5 ಕಿಲೋಓಮ್. ಎಲ್ಇಡಿಯಲ್ಲಿ ಸುಮಾರು 2 ಮಿಲಿಆಂಪ್ ಹರಿಯುತ್ತದೆ, ಅದರ ಮೇಲೆ 1.8 ವೋಲ್ಟ್ ಆಸುಪಾಸು ನಿಲ್ಲುತ್ತದೆ. ಬೇಸ್–ಎಮಿಟರಿನ 0.65 ಕಳೆದರೆ ಎಮಿಟರ್ ರೆಸಿಸ್ಟರಿಗೆ ಉಳಿಯುವುದು 1.15 ವೋಲ್ಟ್. 1.06 ಮಿಲಿಆಂಪಿಗೆ ಬೇಕಾದದ್ದು 1.08 ಕಿಲೋಓಮ್. ಎಲ್ಇಡಿಯಿಂದ ಎಲ್ಇಡಿಗೆ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೇ ಪ್ರಿಸೆಟ್.

ಇಲ್ಲಿ ಎಲ್ಇಡಿ ಬೆಳಕಿಗಾಗಿ ಅಲ್ಲ. ಬಹಳ ಪುಸ್ತಕಗಳಲ್ಲಿ ಬರುವ ಎರಡು 1ಎನ್4148 ಡಯೋಡುಗಳ ಸರ್ಕ್ಯೂಟಿನಲ್ಲಿ ಒಂದು ಡಯೋಡ್ ಟ್ರಾನ್ಸಿಸ್ಟರಿನ ಬೇಸ್–ಎಮಿಟರಿಗೆ ಸರಿಹೋಗಿ, ಎಮಿಟರ್ ರೆಸಿಸ್ಟರಿನ ಮೇಲೆ ಒಂದೇ ಡಯೋಡಿನ ವೋಲ್ಟೇಜ್ ಉಳಿಯುತ್ತದೆ. ಅದು ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುವುದರಿಂದ ಕರೆಂಟ್ ಡಿಗ್ರಿಗೆ 0.3% ಜಾರುತ್ತದೆ. ಪವರ್ ಬೋರ್ಡ್ ಸುಮ್ಮನೆ 50 ಡಿಗ್ರಿ ಏರುತ್ತದೆ, ಆಗ ಸ್ಲೋಪ್ 15% ಕಡಿಮೆ. ಕೆಂಪು ಎಲ್ಇಡಿಯ ಉಷ್ಣತಾ ಇಳಿತ ಬೇಸ್–ಎಮಿಟರಿನದಕ್ಕೆ ಹತ್ತಿರವಿದೆ. ಎರಡೂ ಒಟ್ಟಿಗೆ ಇಳಿಯುತ್ತವೆ, ವ್ಯತ್ಯಾಸ ಬಹುಮಟ್ಟಿಗೆ ಸ್ಥಿರ. ಎಲ್ಇಡಿಯನ್ನೂ ಟ್ರಾನ್ಸಿಸ್ಟರನ್ನೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಕೂರಿಸಿ. ನೀಲಿ, ಬಿಳಿ ಎಲ್ಇಡಿ ಬೇಡ. 3 ವೋಲ್ಟ್ ಅವಕ್ಕೇ ಹೋದರೆ ರ‍್ಯಾಂಪಿಗೆ ಜಾಗ ಉಳಿಯದು.

ಬೇಸಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ಆದರೆ ಅದರ ಇನ್ನೊಂದು ಕಾಲು 5 ವೋಲ್ಟಿಗೆ ಹೋಗಬೇಕು, ಗ್ರೌಂಡಿಗೆ ಅಲ್ಲ. ರೂಢಿಯಲ್ಲಿ ಕೈ ಗ್ರೌಂಡಿಗೇ ಹೋಗುತ್ತದೆ. ಬೇಸ್ ಗ್ರೌಂಡಿಗೆ ಕಟ್ಟಿಹೋದರೆ 5 ವೋಲ್ಟ್ ಲೈನಿನ ಪ್ರತಿ ಅಲುಗಾಟವೂ ಎಮಿಟರ್ ರೆಸಿಸ್ಟರಿನ ಮೇಲೆ ಬಂದು ಕರೆಂಟಾಗುತ್ತದೆ. 50 ಮಿಲಿವೋಲ್ಟ್ ರಿಪಲ್‌ಗೆ 4% ಸ್ಲೋಪ್ ವ್ಯತ್ಯಾಸ. 5 ವೋಲ್ಟಿಗೆ ಕಟ್ಟಿದರೆ ಬೇಸ್ ಮತ್ತು ಎಮಿಟರ್ ಎರಡೂ ಲೈನಿನ ಜೊತೆಗೇ ಏರಿಳಿಯುತ್ತವೆ.

ಎಮಿಟರ್ ರೆಸಿಸ್ಟರಿನಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ಖರ್ಚು ಮಾಡಿದ್ದಕ್ಕೆ ಕಾರಣವಿದೆ. ಕಲೆಕ್ಟರ್ ವೋಲ್ಟೇಜ್ ಬದಲಾದಂತೆ ಟ್ರಾನ್ಸಿಸ್ಟರ್ ಕರೆಂಟ್ ಸ್ವಲ್ಪ ಬದಲಾಗುತ್ತದೆ, ಇದೇ ಅರ್ಲಿ ಪರಿಣಾಮ. ಅರ್ಲಿ ವೋಲ್ಟೇಜ್ 20 ಎಂದು ಕೆಟ್ಟದ್ದನ್ನೇ ಹಿಡಿದರೆ 1 ಮಿಲಿಆಂಪಿನಲ್ಲಿ ಟ್ರಾನ್ಸಿಸ್ಟರಿನ ಔಟ್‌ಪುಟ್ ರೆಸಿಸ್ಟೆನ್ಸ್ 20 ಕಿಲೋಓಮ್. ಎಮಿಟರ್ ರೆಸಿಸ್ಟರ್ ಇಲ್ಲದ ಬರೀ ಕರೆಂಟ್ ಮಿರರ್ (ಒಂದು ಟ್ರಾನ್ಸಿಸ್ಟರಿನ ಕರೆಂಟನ್ನು ಇನ್ನೊಂದು ನಕಲು ಮಾಡುವ ಜೋಡಿ) ಆಗಿದ್ದರೆ 2 ವೋಲ್ಟ್ ಏರುವಷ್ಟರಲ್ಲಿ ಕರೆಂಟ್ 100 ಮೈಕ್ರೋಆಂಪ್, ಅಂದರೆ 10% ಇಳಿಯುತ್ತಿತ್ತು. ಎಮಿಟರಿನಲ್ಲಿ 1.08 ಕಿಲೋಓಮ್ ಇರುವಾಗ ಆ ರೆಸಿಸ್ಟೆನ್ಸ್ ಮೂವತ್ತು ಪಟ್ಟಿಗೂ ಹೆಚ್ಚಾಗಿ 600 ಕಿಲೋಓಮ್ ದಾಟುತ್ತದೆ, ಇಳಿತ 3 ಮೈಕ್ರೋಆಂಪ್, 0.3%. ಸ್ಲೋಪ್ ಹೀಗೆ ಒಂದೇ ಸಮನೆ ಇಳಿದರೆ ನೇರ ಗೆರೆಯಿಂದ ಆಗುವ ಗರಿಷ್ಠ ವಾಲಿಕೆ ಅದರ ಎಂಟನೇ ಒಂದು ಭಾಗ ಮಾತ್ರ. ತುದಿಯ ಚಿಂತೆ ಇಲ್ಲಿಗೆ ಮುಗಿಯಿತು.

ಮೇಲಿನ ಮಿತಿ ನೋಡಿಕೊಳ್ಳಿ. ಎಮಿಟರ್ 3.85 ವೋಲ್ಟಿನಲ್ಲಿದೆ, ಕಲೆಕ್ಟರ್ 3.5 ಮುಟ್ಟಿದರೆ ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗುತ್ತದೆ. ನಮ್ಮ ತುದಿ 2.5 ವೋಲ್ಟ್, 1 ವೋಲ್ಟ್ ಅಂತರವಿದೆ.

ಹಂತ 3: ಬುಡವನ್ನು ಗ್ರೌಂಡಿನಿಂದ ಎತ್ತುವುದು

ರ‍್ಯಾಂಪ್ ಸೊನ್ನೆಯಿಂದ ಶುರುವಾದರೆ ಪೂರ್ತಿ ಆಫ್ ಮಾಡಲು ಎರರ್ ಆಂಪ್ಲಿಫೈಯರ್ ಸೊನ್ನೆಗಿಂತ ಕೆಳಗಿಳಿಯಬೇಕು. 5 ವೋಲ್ಟಿನ ಸಿಂಗಲ್ ಸಪ್ಲೈಯಲ್ಲಿ ಅದು ಸಾಧ್ಯವಿಲ್ಲ. ಲೋಡ್ ತೆಗೆದಾಗ ಔಟ್‌ಪುಟ್ ಮೇಲೇರುತ್ತಾ ಹೋಗುವ ಸರ್ಕ್ಯೂಟುಗಳಲ್ಲಿ ಎಷ್ಟೋ ಸಲ ಕಾರಣ ಇದೇ.

ಉಪಾಯ ಸರಳ. ಟೈಮಿಂಗ್ ಕೆಪಾಸಿಟರಿನ ಕೆಳಗಿನ ಕಾಲನ್ನೂ ರೀಸೆಟ್ ಮಾಸ್‌ಫೆಟ್‌ನ ಸೋರ್ಸನ್ನೂ ಒಂದೇ ನೋಡಿಗೆ (ಬಿಂದುವಿಗೆ) ಸೇರಿಸಿ. ಆ ನೋಡಿನಿಂದ ಗ್ರೌಂಡಿಗೆ 470 ಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ 100 ನ್ಯಾನೋಫ್ಯಾರಡ್. ಕರೆಂಟ್ ಸೋರ್ಸಿನ 1.06 ಮಿಲಿಆಂಪ್ ಚಾರ್ಜ್ ಆಗುವಾಗ ಕೆಪಾಸಿಟರ್ ಮೂಲಕ, ರೀಸೆಟ್ ಆಗುವಾಗ ಮಾಸ್‌ಫೆಟ್ ಮೂಲಕ ಹೇಗಿದ್ದರೂ ಈ ನೋಡಿಗೇ ಬಂದು ಬೀಳುತ್ತದೆ. ಆದ್ದರಿಂದ ಅಲ್ಲಿ ಯಾವಾಗಲೂ 0.5 ವೋಲ್ಟ್ ಇರುತ್ತದೆ, ಬೇರೆ ರೆಫರೆನ್ಸ್ ಬೇಕಿಲ್ಲ. ಡಿಸ್ಚಾರ್ಜ್ ಕರೆಂಟ್ ಕೆಪಾಸಿಟರ್ ಮತ್ತು ಮಾಸ್‌ಫೆಟ್ ನಡುವೆಯೇ ಸುತ್ತಿ ಮುಗಿಯುತ್ತದೆ, ಗ್ರೌಂಡಿಗೆ ಬರುವುದೇ ಇಲ್ಲ. ಈ ಎರಡನೆಯ ಲಾಭ ಮೊದಲನೆಯದಕ್ಕಿಂತ ದೊಡ್ಡದು.

ಹಂತ 4: ರೀಸೆಟ್ ಸ್ವಿಚ್

2ಎನ್3904ರಂಥ ಸಾಮಾನ್ಯ ಎನ್‌ಪಿಎನ್ ಇಲ್ಲಿ ಕೈಕೊಡುತ್ತದೆ. ಸ್ಯಾಚುರೇಟ್ ಆದರೆ ಅದರ ಸ್ಟೋರೇಜ್ ಟೈಮ್ 200 ನ್ಯಾನೋಸೆಕೆಂಡ್‌ವರೆಗೂ ಹೋಗುತ್ತದೆ. ಬೇಸ್ ಆಫ್ ಆದ ಮೇಲೂ ಕಲೆಕ್ಟರ್ ಕೆಪಾಸಿಟರನ್ನು ಹಿಡಿದುಕೊಂಡೇ ಇರುತ್ತದೆ, ರ‍್ಯಾಂಪಿನ ಐದನೇ ಒಂದು ಭಾಗ ಚಪ್ಪಟೆ. 2ಎನ್2369 ಸಿಕ್ಕರೆ ಬೇರೆ ಮಾತು, ಅದು ಇದಕ್ಕೆಂದೇ ಮಾಡಿದ ವೇಗದ ಸ್ವಿಚ್. ಸುಲಭವಾಗಿ ಸಿಗುವುದು 2ಎನ್7002 ಮಾಸ್‌ಫೆಟ್. ಅದನ್ನೇ ಇಟ್ಟುಕೊಳ್ಳೋಣ.

4.5 ವೋಲ್ಟ್ ಗೇಟಿಗೆ ಅದರ ಆನ್ ರೆಸಿಸ್ಟೆನ್ಸ್ ಕೆಲವೇ ಓಮ್. ಹಾಗೇ ಬಿಟ್ಟರೆ ಡಿಸ್ಚಾರ್ಜ್ ರಿಂಗ್ ಆಗುತ್ತದೆ. ಚಿಕ್ಕ ಲೂಪಿನಲ್ಲೂ 10 ನ್ಯಾನೋಹೆನ್ರಿ ಇರುತ್ತದೆ. 470 ಪಿಕೋಫ್ಯಾರಡ್ ಜೊತೆ ಅದು 73 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಪೂರ್ತಿ ಅಡಗಿಸಲು ಲೂಪಿನಲ್ಲಿ ಒಟ್ಟು 9 ಓಮ್ ಬೇಕು. ಮಾಸ್‌ಫೆಟ್ ಡ್ರೈನಿಗೆ ಸರಣಿಯಲ್ಲಿ 4.7 ಓಮ್ ಹಾಕಿದರೆ ಅಲ್ಲಿಗೆ ತಲುಪುತ್ತೇವೆ. ಈ ರೆಸಿಸ್ಟರ್ ಡ್ರೈನಿನ ಕಡೆಯೇ ಇರಬೇಕು, ಕೆಪಾಸಿಟರಿನ ಕಾಲಿಗೆ ಸರಣಿಯಲ್ಲಲ್ಲ. ಒಟ್ಟು 10 ಓಮ್ ಆಸುಪಾಸಿನಲ್ಲಿ ಟೈಮ್ ಕಾನ್ಸ್ಟಂಟ್ 5 ನ್ಯಾನೋಸೆಕೆಂಡ್. 2 ವೋಲ್ಟ್ ಪೂರ್ತಿ ಇಳಿದು 2 ಮಿಲಿವೋಲ್ಟ್ ಆಗಲು ಏಳು ಪಟ್ಟು, 35 ನ್ಯಾನೋಸೆಕೆಂಡ್. 50ರೊಳಗೆ ಕೆಲಸ ಮುಗಿಯುತ್ತದೆ.

ಬುಡದಲ್ಲಿ ಇನ್ನೆರಡು ಕಿರಿಕಿರಿಗಳಿವೆ. ಮಾಸ್‌ಫೆಟ್ ಆಫ್ ಆಗುವಾಗ ಗೇಟ್ 5 ವೋಲ್ಟ್ ಕೆಳಗೆ ಬೀಳುತ್ತದೆ. ಗೇಟ್–ಡ್ರೈನ್ ಕೆಪಾಸಿಟೆನ್ಸ್ ರ‍್ಯಾಂಪ್ ನೋಡನ್ನೂ ಜೊತೆಗೆ ಕೆಳಗೆಳೆಯುತ್ತದೆ. ಡೇಟಾಶೀಟಿನ ಸಂಖ್ಯೆ 25 ವೋಲ್ಟಿನಲ್ಲಿ ಅಳೆದದ್ದು, ಡ್ರೈನ್ ಸೊನ್ನೆಯ ಹತ್ತಿರವಿರುವಾಗ ಅದು ಬಹಳ ಹೆಚ್ಚು. 10 ಪಿಕೋಫ್ಯಾರಡ್ ಎಂದು ಹಿಡಿದರೂ ರ‍್ಯಾಂಪ್ ಶುರುವಾಗುವ ಮೊದಲು 40ರಿಂದ 100 ಮಿಲಿವೋಲ್ಟ್ ಕೆಳಕ್ಕೆ ಕುಸಿಯುತ್ತದೆ. ಅಂದರೆ 20ರಿಂದ 50 ನ್ಯಾನೋಸೆಕೆಂಡ್. ಎರಡನೆಯದು, ಡ್ರೈನ್ ವೋಲ್ಟೇಜ್ ಏರಿದಂತೆ ಔಟ್‌ಪುಟ್ ಕೆಪಾಸಿಟೆನ್ಸ್ ಇಳಿಯುವುದರಿಂದ ಬುಡದಲ್ಲಿ ಸ್ಲೋಪ್ ಕೆಲವು ಶೇಕಡ ನಿಧಾನ.

ಕುಸಿತವನ್ನು ಸರಿಪಡಿಸಲು ಗೇಟ್ ಸಿಗ್ನಲನ್ನು ತಿರುಗಿಸಿ 4.7 ಪಿಕೋಫ್ಯಾರಡ್ ಮೂಲಕ ರ‍್ಯಾಂಪ್ ನೋಡಿಗೆ ಕೊಡುವ ಪದ್ಧತಿ ಇದೆ. ಹಾಗೆ ಮಾಡುವುದಾದರೆ ಗೇಟಿನ ನಂತರದ ಇನ್ವರ್ಟರಿನಿಂದಲೇ ತೆಗೆದುಕೊಳ್ಳಿ. ಹಿಂದಿನ ಇನ್ವರ್ಟರಿನ ಅಂಚು ಮಾಸ್‌ಫೆಟ್ ಇನ್ನೂ ಆನ್ ಇರುವಾಗಲೇ ಬಂದು ವ್ಯರ್ಥವಾಗುತ್ತದೆ. ನಮ್ಮ ಸಲಹೆ ಕೇಳಿದರೆ, ಇದಕ್ಕೆ ಕೈ ಹಾಕಬೇಡಿ. ಪ್ರತಿ ಸೈಕಲಿನಲ್ಲೂ ಒಂದೇ ಅಳತೆಯಲ್ಲಿ ಬರುವ ಕುಸಿತ ಬರೀ ಆಫ್‌ಸೆಟ್. ಅದನ್ನು ಲೂಪ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಆ ಜಾಗವನ್ನು ಬಳಸದಂತೆ ಲಾಜಿಕ್ ಕಟ್ಟುವುದು ಜಾಣತನ. ಅದು ಮುಂದಿನ ಹಂತ.

ಹಂತ 5: ಪಲ್ಸ್, ಕಂಪ್ಯಾರೇಟರ್, ಲ್ಯಾಚ್

ಒಂದು 74ಎಚ್‌ಸಿ14 ತೆಗೆದುಕೊಳ್ಳಿ, ಅದರಲ್ಲಿ ಆರು ಶ್ಮಿಟ್ ಇನ್ವರ್ಟರ್‌ಗಳಿವೆ. 1 ಮೆಗಾಹರ್ಟ್ಸ್ ಚೌಕ ಅಲೆಯನ್ನು 47 ಪಿಕೋಫ್ಯಾರಡ್ ಮೂಲಕ ತಂದು, ಅಲ್ಲಿಂದ 1 ಕಿಲೋಓಮ್ ಗ್ರೌಂಡಿಗೆ. ಅದೇ ಬಿಂದುವಿನಿಂದ 330 ಓಮ್ ಮೂಲಕ ಮೊದಲ ಇನ್ವರ್ಟರಿನ ಇನ್‌ಪುಟ್. ಆ ಬಿಂದುವಿಗೇ ಒಂದು 1ಎನ್4148, ಕ್ಯಾಥೋಡ್ ಬಿಂದುವಿನ ಕಡೆ, ಆನೋಡ್ ಗ್ರೌಂಡಿಗೆ. ಕ್ಲಾಕ್ ಬೀಳುವಾಗ ಬರುವ ನೆಗೆಟಿವ್ ಏಟನ್ನು ಅದು ತಡೆಯುತ್ತದೆ. ಸುಮಾರು 50 ನ್ಯಾನೋಸೆಕೆಂಡ್ ಪಲ್ಸ್ ಸಿಗುತ್ತದೆ. ಶ್ಮಿಟ್ ಮಟ್ಟಗಳು ಐಸಿಯಿಂದ ಐಸಿಗೆ ಬದಲಾಗುವುದರಿಂದ 40ರಿಂದ 75ರವರೆಗೆ ಏನು ಬೇಕಾದರೂ ಬರಬಹುದು. 45ಕ್ಕಿಂತ ಕಡಿಮೆ ಬಂದರೆ 47ನ್ನು 56 ಮಾಡಿ.

ಇನ್ವರ್ಟರ್ 1ರ ಔಟ್‌ಪುಟ್ ಪಲ್ಸಿನಲ್ಲಿ ಲೋ. ಇನ್ವರ್ಟರ್ 2 ಹೈ, ಅದೇ ಮಾಸ್‌ಫೆಟ್ ಗೇಟಿಗೆ. ಅಲ್ಲಿಂದ 3, 4, 5 ಸಾಲಾಗಿ. ಪ್ರತಿಯೊಂದಕ್ಕೂ ಸುಮಾರು 10 ನ್ಯಾನೋಸೆಕೆಂಡ್ ತಡ. ಆರನೆಯದರ ಇನ್‌ಪುಟ್ ಗ್ರೌಂಡಿಗೆ ಕಟ್ಟಿ, ತೇಲಲು ಬಿಡಬೇಡಿ.

ಕಂಪ್ಯಾರೇಟರಿಗೆ ಎಲ್ಎಂ393 ಆಗದು. ಸಣ್ಣ ಓವರ್‌ಡ್ರೈವಿನಲ್ಲಿ ಅದರ ತಡ 1.3 ಮೈಕ್ರೋಸೆಕೆಂಡ್, ನಮ್ಮ ಇಡೀ ಸೈಕಲಿಗಿಂತ ಉದ್ದ. ಎಲ್ಎಂ311ರ 200 ನ್ಯಾನೋಸೆಕೆಂಡೂ ಸಾಲದು. ಟಿಎಲ್‌ವಿ3501 (4.5 ನ್ಯಾನೋಸೆಕೆಂಡ್) ಅಥವಾ ಎಲ್ಎಂವಿ7219 (7 ನ್ಯಾನೋಸೆಕೆಂಡ್) ಹಾಕಿ. ಎರಡೂ 5 ವೋಲ್ಟಿನಲ್ಲಿ ಓಡುತ್ತವೆ, ಒಳಗೇ ಸ್ವಲ್ಪ ಹಿಸ್ಟೆರಿಸಿಸ್ ಇದೆ. ಎರರ್ ವೋಲ್ಟೇಜ್ ಪ್ಲಸ್ ಇನ್‌ಪುಟ್ಟಿಗೆ, ರ‍್ಯಾಂಪ್ ಮೈನಸ್‌ಗೆ. ರ‍್ಯಾಂಪ್ ಮೇಲೇರಿದಾಗ ಔಟ್‌ಪುಟ್ ಲೋ.

ಕಂಪ್ಯಾರೇಟರ್ ಔಟ್‌ಪುಟ್ಟನ್ನೇ ನೇರವಾಗಿ ಗೇಟ್ ಡ್ರೈವರಿಗೆ ಕೊಟ್ಟರೆ, ಸ್ವಿಚ್ ನೋಡಿನ ಒಂದು ಸ್ಪೈಕಿಗೆ ಒಂದೇ ಸೈಕಲಿನಲ್ಲಿ ಎರಡು ಮೂರು ಪಲ್ಸ್ ಬರುತ್ತವೆ. ಒಮ್ಮೆ ಆಫ್ ಆದರೆ ಮುಂದಿನ ಸೈಕಲಿನವರೆಗೆ ಆಫ್ ಆಗಿಯೇ ಹಿಡಿದಿಡುವ ಲ್ಯಾಚ್ ಬೇಕೇ ಬೇಕು. 74ಎಚ್‌ಸಿ74ರ ಅರ್ಧ ಸಾಕು. ಡಿ ಮತ್ತು ಪ್ರಿಸೆಟ್ ಪಿನ್ 5 ವೋಲ್ಟಿಗೆ. ಕ್ಲಾಕ್ ಪಿನ್ ಇನ್ವರ್ಟರ್ 5ರಿಂದ. ಕ್ಲಿಯರ್ ಪಿನ್ನಿಗೆ (ಇದು ಲೋ ಆದಾಗ ಲ್ಯಾಚ್ ಆಫ್) 74ಎಚ್‌ಸಿ08ರ ಒಂದು ಆಂಡ್ ಗೇಟ್: ಅದರ ಒಂದು ಇನ್‌ಪುಟ್ ಕಂಪ್ಯಾರೇಟರ್, ಇನ್ನೊಂದು ಇನ್ವರ್ಟರ್ 1.

ಈ ಜೋಡಣೆ ಮಾಡುವ ಕೆಲಸ ಗಮನಿಸಿ. ರೀಸೆಟ್ ಶುರುವಾದ ಕೂಡಲೇ ಇನ್ವರ್ಟರ್ 1 ಲ್ಯಾಚನ್ನು ಕ್ಲಿಯರ್ ಮಾಡುತ್ತದೆ, ಆದ್ದರಿಂದ ಎರರ್ ವೋಲ್ಟೇಜ್ ಎಷ್ಟೇ ಮೇಲೆ ಹೋಗಿದ್ದರೂ ಪ್ರತಿ ಸೈಕಲಿನಲ್ಲಿ ಸ್ವಿಚ್ ಆಫ್ ಆಗುತ್ತದೆ. ಬೂಟ್‌ಸ್ಟ್ರ್ಯಾಪ್ ಡ್ರೈವರ್ ಬಳಸುವವರಿಗೆ ಇದು ಅವಶ್ಯಕ, ಅದರ ಕೆಪಾಸಿಟರ್ ಚಾರ್ಜ್ ಆಗುವುದು ಸ್ವಿಚ್ ಆಫ್ ಇರುವಾಗಲೇ. ಪಲ್ಸ್ ಮುಗಿದ ಮೇಲೆ ಕ್ಲಿಯರ್ ಮೊದಲು ಬಿಡುತ್ತದೆ, ಸುಮಾರು 30 ನ್ಯಾನೋಸೆಕೆಂಡ್ ಕಳೆದು ಇನ್ವರ್ಟರ್ 5ರ ಏರುವ ಅಂಚು ಲ್ಯಾಚನ್ನು ಆನ್ ಮಾಡುತ್ತದೆ. ಅಷ್ಟರಲ್ಲಿ ಮಾಸ್‌ಫೆಟ್ ಆಫ್ ಆಗಿ, ಕುಸಿತ ಮುಗಿದು, ರ‍್ಯಾಂಪ್ ನೇರ ದಾರಿ ಹಿಡಿದಿರುತ್ತದೆ. ಬುಡದ ಕೊಳಕು ಭಾಗ ಡ್ಯೂಟಿಗೆ ಸೇರುವುದೇ ಇಲ್ಲ. ಎರರ್ ವೋಲ್ಟೇಜ್ ಆ ಭಾಗಕ್ಕಿಂತ ಕೆಳಗಿದ್ದರೆ ಕ್ಲಾಕ್ ಅಂಚು ಬಂದಾಗ ಕ್ಲಿಯರ್ ಲೋ ಆಗಿಯೇ ಇರುತ್ತದೆ, ಪಲ್ಸ್ ಬರುವುದಿಲ್ಲ. ಇದಕ್ಕೆ ತೆರುವ ಬೆಲೆ ಗರಿಷ್ಠ ಡ್ಯೂಟಿ 90%ರ ಆಸುಪಾಸಿಗೆ ಇಳಿಯುವುದು.

ಬೋರ್ಡಿನ ಮೇಲೆ

ಬ್ರೆಡ್‌ಬೋರ್ಡಿನಲ್ಲಿ ಇದನ್ನು ಕಟ್ಟಬೇಡಿ. ಪಕ್ಕದ ಸಾಲುಗಳ ನಡುವೆಯೇ ಕೆಲವು ಪಿಕೋಫ್ಯಾರಡ್, 10 ಸೆಂಟಿಮೀಟರ್ ತಂತಿಗೆ ಸುಮಾರು 100 ನ್ಯಾನೋಹೆನ್ರಿ. ಡಿಸ್ಚಾರ್ಜ್ ಲೂಪಿನ ಲೆಕ್ಕ ತಲೆಕೆಳಗಾಗುತ್ತದೆ. ತಾಮ್ರ ಹೊದಿಕೆಯ ಖಾಲಿ ಬೋರ್ಡನ್ನು ಗ್ರೌಂಡ್ ಮಾಡಿಕೊಂಡು ಮೇಲೇ ಬೆಸುಗೆ ಹಾಕಿದರೂ ಚೆನ್ನಾಗಿ ನಡೆಯುತ್ತದೆ. ಕೆಪಾಸಿಟರ್, 4.7 ಓಮ್, ಮಾಸ್‌ಫೆಟ್ ಮೂರೂ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಇರಲಿ. ರ‍್ಯಾಂಪ್ ನೋಡಿನ ಪಟ್ಟಿ 10 ಮಿಲಿಮೀಟರಿಗಿಂತ ಉದ್ದ ಬೇಡ. ಅದರ ಕೆಳಗೆ ಗ್ರೌಂಡ್ ಪ್ಲೇನ್ ಇರಲಿ, ಅದು ಸೇರಿಸುವ ಒಂದೆರಡು ಪಿಕೋಫ್ಯಾರಡ್ ವೋಲ್ಟೇಜಿನೊಂದಿಗೆ ಬದಲಾಗುವುದಿಲ್ಲ. ಇಂಡಕ್ಟರ್ ಮತ್ತು ಸ್ವಿಚ್ ನೋಡ್ ಬೋರ್ಡಿನ ಇನ್ನೊಂದು ತುದಿಗೆ.

ಅಳೆಯುವುದು

10 ಪಟ್ಟಿನ ಪ್ರೋಬ್ ಎಂದರೆ 10ರಿಂದ 15 ಪಿಕೋಫ್ಯಾರಡ್. ಅದನ್ನು ಇಟ್ಟ ಕ್ಷಣ ಸ್ಲೋಪ್ 2ರಿಂದ 3% ಇಳಿಯುತ್ತದೆ. ಸ್ಕೋಪ್ ನೋಡುತ್ತ ಪ್ರಿಸೆಟ್ ಹೊಂದಿಸುವಾಗ ಮೈಕ್ರೋಸೆಕೆಂಡಿಗೆ 2.1 ಬದಲು 2.05ಕ್ಕೆ ನಿಲ್ಲಿಸಿ. ಪ್ರೋಬ್ ತೆಗೆದಾಗ ಸರಿಹೋಗುತ್ತದೆ. ಪ್ರೋಬಿನ ಮೊಸಳೆ ಕ್ಲಿಪ್ ಇರುವ ಉದ್ದ ಗ್ರೌಂಡ್ ತಂತಿ ಬಿಚ್ಚಿ, ತುದಿಯ ಸ್ಪ್ರಿಂಗ್ ಬಳಸಿ. ಆ ತಂತಿಯೂ ಪ್ರೋಬಿನ ಕೆಪಾಸಿಟೆನ್ಸೂ ಸೇರಿ 150 ಮೆಗಾಹರ್ಟ್ಸ್ ಸುಮಾರಿನಲ್ಲಿ ರಿಂಗ್ ಆಗುತ್ತವೆ, ಸರ್ಕ್ಯೂಟಿನಲ್ಲಿ ಇಲ್ಲದ ದೋಷವನ್ನು ಬುಡದಲ್ಲಿ ತೋರಿಸುತ್ತವೆ.

ನೇರತೆಯನ್ನು ಸ್ಕೋಪಿನಲ್ಲಿ ಅಳೆಯುವುದು ಕಷ್ಟ. ಎಂಟು ಬಿಟ್ಟಿನ ಸ್ಕೋಪಿಗೆ ಒಂದು ಮೆಟ್ಟಿಲೇ ಪೂರ್ತಿ ಪರದೆಯ 0.4%. ಒಳ್ಳೆಯ ಮಲ್ಟಿಮೀಟರ್ ಇದಕ್ಕಿಂತ ಮೇಲು. ಪವರ್ ಸ್ಟೇಜ್ ಬೇರ್ಪಡಿಸಿ. ಎರರ್ ಆಂಪ್ಲಿಫೈಯರ್ ಜಾಗದಲ್ಲಿ ಹೊಂದಿಸಬಲ್ಲ ಡಿಸಿ ವೋಲ್ಟೇಜ್ ಕೊಡಿ. ಲ್ಯಾಚಿನ ಔಟ್‌ಪುಟ್ಟನ್ನು 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಮೂಲಕ ಸೋಸಿ ಅಳೆಯಿರಿ. ಇನ್‌ಪುಟ್ಟನ್ನು 0.7ರಿಂದ 2.3 ವೋಲ್ಟಿನವರೆಗೆ 0.2 ವೋಲ್ಟ್ ಹೆಜ್ಜೆಯಲ್ಲಿ ಏರಿಸಿ. ಪ್ರತಿ ಹೆಜ್ಜೆಗೂ 95 ನ್ಯಾನೋಸೆಕೆಂಡ್, ಅಂದರೆ 9.5% ಡ್ಯೂಟಿ ಹೆಚ್ಚಬೇಕು. 5 ವೋಲ್ಟ್ ಲಾಜಿಕ್ಕಿನಲ್ಲಿ ಮೀಟರ್ 475 ಮಿಲಿವೋಲ್ಟ್ ಏರಿಕೆ ತೋರಿಸಬೇಕು. ಸಪ್ಲೈಯನ್ನೂ ಅಳೆದು ಅನುಪಾತ ತೆಗೆದುಕೊಳ್ಳಿ.

ಹೆಜ್ಜೆಗಳು ಒಂದಕ್ಕೊಂದು ಕೆಲವೇ ಮಿಲಿವೋಲ್ಟ್ ಒಳಗೆ ಇದ್ದರೆ ರ‍್ಯಾಂಪ್ ಸರಿಯಿದೆ. ಮೇಲೆ ಹೋದಂತೆ ಹೆಜ್ಜೆ ದೊಡ್ಡದಾಗುತ್ತಾ ಹೋದರೆ ಕರೆಂಟ್ ಇಳಿಯುತ್ತಿದೆ: ಎಮಿಟರ್ ರೆಸಿಸ್ಟರ್ ನೋಡಿ, ರ‍್ಯಾಂಪ್ ನೋಡಿನಿಂದ ಯಾವುದಾದರೂ ರೆಸಿಸ್ಟರ್ ಗ್ರೌಂಡಿಗೆ ಹೋಗಿದೆಯೇ ನೋಡಿ. ಮೇಲೆ ಹೋದಂತೆ ಚಿಕ್ಕದಾದರೆ ಕೆಪಾಸಿಟರ್ ಸಿ0ಜಿ ಅಲ್ಲ. ಕೊನೆಯ ಹೆಜ್ಜೆ ಮಾತ್ರ ಕೆಟ್ಟರೆ ಎಲ್ಇಡಿಯ ವೋಲ್ಟೇಜ್ ಹೆಚ್ಚಾಗಿ ಮೇಲೆ ಜಾಗ ಸಾಲುತ್ತಿಲ್ಲ. ಮೊದಲ ಹೆಜ್ಜೆ ಮಾತ್ರ ಕೆಟ್ಟರೆ ಲ್ಯಾಚ್ ಬೇಗ ಆನ್ ಆಗುತ್ತಿದೆ, ಇಲ್ಲವೇ ರೀಸೆಟ್ ಲೂಪ್ ರಿಂಗ್ ಆಗುತ್ತಿದೆ. ಎಲ್ಲ ಹೆಜ್ಜೆಗಳೂ ಸಮನಾಗಿದ್ದು ಪವರ್ ಸ್ಟೇಜ್ ಸೇರಿಸಿದಾಗ ಮಾತ್ರ ಪಲ್ಸ್ ಅಗಲ ನಡುಗಿದರೆ ರ‍್ಯಾಂಪಿನ ತಪ್ಪಲ್ಲ, ಲೇಔಟಿನ ತಪ್ಪು.

ಇನ್‌ಪುಟ್ ಫೀಡ್‌ಫಾರ್ವರ್ಡ್ ಬೇಕಿದ್ದರೆ

ಇನ್‌ಪುಟ್ 9ರಿಂದ 18 ವೋಲ್ಟ್ ಓಡಾಡುವುದಾದರೆ ಮಾಡ್ಯುಲೇಟರ್ ಗೇನ್ ಎರಡು ಪಟ್ಟು ಓಡಾಡುತ್ತದೆ. ಸ್ಲೋಪನ್ನೂ ಇನ್‌ಪುಟ್ಟಿಗೆ ತಕ್ಕಂತೆ ಏರಿಸಿದರೆ ಗೇನ್ ಸ್ಥಿರ, ಇನ್‌ಪುಟ್ಟಿನ ಏರಿಳಿತ ಔಟ್‌ಪುಟ್ಟಿಗೆ ಬರುವ ಮೊದಲೇ ಡ್ಯೂಟಿ ಸರಿಹೋಗುತ್ತದೆ. ಎಲ್ಇಡಿ ತೆಗೆದು, ಇನ್‌ಪುಟ್ಟಿನಿಂದ ರೆಸಿಸ್ಟರ್ ಮೂಲಕ ಎನ್‌ಪಿಎನ್ ಮಿರರಿಗೆ, ಅಲ್ಲಿಂದ ಎಮಿಟರ್ ರೆಸಿಸ್ಟರುಗಳಿರುವ ಪಿಎನ್‌ಪಿ ಮಿರರಿಗೆ ಕರೆಂಟ್ ಕೊಡಿ. 12 ವೋಲ್ಟಿನಲ್ಲಿ 1.06 ಮಿಲಿಆಂಪಿಗೆ ಆ ರೆಸಿಸ್ಟರ್ 10.7 ಕಿಲೋಓಮ್.

ಆಗ ಎರಡು ಬದಲಾವಣೆ ಮರೆಯಬಾರದು. ಬುಡ ಎತ್ತುವ 470 ಓಮಿನ ಉಪಾಯ ಇಲ್ಲಿ ನಡೆಯದು, ಕರೆಂಟ್ ಬದಲಾದಂತೆ ಬುಡವೂ ಬದಲಾಗುತ್ತದೆ. ಆ 0.5 ವೋಲ್ಟನ್ನು ಸ್ಥಿರವಾದ ಡಿವೈಡರ್ ಮತ್ತು ಬಫರಿನಿಂದ ಕೊಡಿ. ಇನ್ನೊಂದು, 18 ವೋಲ್ಟಿನಲ್ಲಿ ತುದಿ 3.5 ವೋಲ್ಟ್ ದಾಟಲು ಹೋಗಿ ಪಿಎನ್‌ಪಿ ಸ್ಯಾಚುರೇಟ್ ಆಗುತ್ತದೆ. ಅಲ್ಲಿ ಡ್ಯೂಟಿ ಕಡಿಮೆ, ತುದಿ ಬೇಕಿಲ್ಲವಲ್ಲ ಎನಿಸಬಹುದು. ಆದರೆ ಸ್ಯಾಚುರೇಟ್ ಆದ ಟ್ರಾನ್ಸಿಸ್ಟರ್ ಚೇತರಿಸಿಕೊಳ್ಳುವುದು ಮುಂದಿನ ಸೈಕಲಿನ ಬುಡದಲ್ಲಿ. ರ‍್ಯಾಂಪ್ ನೋಡಿನಿಂದ ಒಂದು ಬಿಎಟಿ54 ಶಾಟ್ಕಿ ಡಯೋಡನ್ನು 2.7 ವೋಲ್ಟಿನ ಮಟ್ಟಕ್ಕೆ ಕಟ್ಟಿ ತುದಿಯನ್ನು ಅಲ್ಲಿಗೇ ನಿಲ್ಲಿಸಿ. ಡಯೋಡಿನ 10 ಪಿಕೋಫ್ಯಾರಡನ್ನು ಒಟ್ಟು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇದೇ ರ‍್ಯಾಂಪಿನಿಂದ ಸ್ಲೋಪ್ ಕಾಂಪೆನ್ಸೇಷನ್

ಪೀಕ್ ಕರೆಂಟ್ ಮೋಡಿನಲ್ಲಿ ಡ್ಯೂಟಿ 50% ದಾಟಿದರೆ ಪಲ್ಸುಗಳು ಒಂದು ಅಗಲ, ಒಂದು ಸಣ್ಣ ಎಂದು ತೊಯ್ದಾಡತೊಡಗುತ್ತವೆ. ಇಂಡಕ್ಟರ್ ಕರೆಂಟ್ ಇಳಿಯುವ ಸ್ಲೋಪಿನ ಅರ್ಧದಷ್ಟಾದರೂ ರ‍್ಯಾಂಪನ್ನು ಕರೆಂಟ್ ಸೆನ್ಸ್ ಸಿಗ್ನಲಿಗೆ ಕೂಡಿಸಬೇಕು. 12ರಿಂದ 9 ವೋಲ್ಟ್, 10 ಮೈಕ್ರೋಹೆನ್ರಿ ಇಂಡಕ್ಟರ್, 50 ಮಿಲಿಓಮ್ ಸೆನ್ಸ್ ರೆಸಿಸ್ಟರ್ ಎಂದಾದರೆ ಇಳಿಯುವ ಸ್ಲೋಪ್ ಮೈಕ್ರೋಸೆಕೆಂಡಿಗೆ 45 ಮಿಲಿವೋಲ್ಟ್. ಅದರ ಅರ್ಧಕ್ಕಿಂತ ಹೆಚ್ಚಾದ 30 ಮಿಲಿವೋಲ್ಟ್ ಕೂಡಿಸಿದರೆ ನೆಮ್ಮದಿ. ಅಂದರೆ ನಮ್ಮ ರ‍್ಯಾಂಪಿನ ಎಪ್ಪತ್ತನೇ ಒಂದು ಭಾಗ: ಸೆನ್ಸ್ ಸಿಗ್ನಲಿಗೆ ಸರಣಿಯಲ್ಲಿ 1 ಕಿಲೋಓಮ್, ರ‍್ಯಾಂಪಿನಿಂದ 68 ಕಿಲೋಓಮ್.

68 ಕಿಲೋಓಮನ್ನು ರ‍್ಯಾಂಪ್ ನೋಡಿಗೇ ಕಟ್ಟಿದರೆ ತುದಿಯಲ್ಲಿ 36 ಮೈಕ್ರೋಆಂಪ್ ಕದಿಯುತ್ತದೆ. ಅದೇ ರ‍್ಯಾಂಪನ್ನು ಬೇರೆ ಹೋಲಿಕೆಗೂ ಬಳಸುವುದಾದರೆ 3% ಬಾಗು ಬಂತು. ನಡುವೆ 2ಎನ್3904 ಎಮಿಟರ್ ಫಾಲೋಯರ್ ಹಾಕಿ. ಅದರ ಎಮಿಟರ್ ರೆಸಿಸ್ಟರ್ 1 ಕಿಲೋಓಮ್ ಇರಲಿ. 4.7 ಕಿಲೋಓಮ್ ಹಾಕಿದರೆ ಎಮಿಟರಿನಲ್ಲಿರುವ 20 ಪಿಕೋಫ್ಯಾರಡ್ ಖಾಲಿಯಾಗಲು ಸುಮಾರು 100 ನ್ಯಾನೋಸೆಕೆಂಡ್ ಟೈಮ್ ಕಾನ್ಸ್ಟಂಟ್ ಆಗಿ, ರ‍್ಯಾಂಪ್ ಬಿದ್ದರೂ ಎಮಿಟರ್ ಮೇಲೇ ತೂಗಾಡುತ್ತದೆ. ಬೇಸ್–ಎಮಿಟರ್ 0.65 ವೋಲ್ಟ್, ಬುಡ 0.5 ವೋಲ್ಟ್ ಆದ್ದರಿಂದ ಮೊದಲ 70 ನ್ಯಾನೋಸೆಕೆಂಡ್ ಫಾಲೋಯರ್ ಏನನ್ನೂ ಕೊಡುವುದಿಲ್ಲ. ಸ್ಲೋಪ್ ಕಾಂಪೆನ್ಸೇಷನ್ ಬೇಕಾಗುವುದು ಡ್ಯೂಟಿ ಅರ್ಧ ದಾಟಿದ ಮೇಲೆ, ಅಷ್ಟರಲ್ಲಿ ಅದು ಪೂರ್ತಿ ಕೆಲಸಕ್ಕೆ ಇಳಿದಿರುತ್ತದೆ.